ನಾಗರತ್ನಮ್ಮನವರಿಗೆ ಹಾರ ಬಂದ ದಿನ

ದೊಡ್ಡಬಳ್ಳಾಪುರಕ್ಕೆ ಬಂದ ಮೊದಲ ಬೆಳಿಗ್ಗೆ ನನ್ನ ಚಹಾದ ಕಪ್ಪು ತಾನಾಗಿಯೇ ನಡೆಯತೊಡಗಿತು.

ನಾನು ಉತ್ಪ್ರೇಕ್ಷೆಯ ಮನುಷ್ಯನಲ್ಲ. ಧಾರವಾಡದ ಒಂದು ಛಾಪಖಾನೆಯಲ್ಲಿ ಜೀವಮಾನವೆಲ್ಲ ಕರಡು ತಿದ್ದಿ ನಿವೃತ್ತನಾದವನು. ಬೇರೆಯವರ ಉತ್ಪ್ರೇಕ್ಷೆಗಳ ಕಾಗುಣಿತ ಸರಿಪಡಿಸಿದ್ದೇನೆಯೇ ಹೊರತು ನನ್ನದೊಂದನ್ನು ಅಚ್ಚಿಗೆ ಕಳಿಸಿದವನಲ್ಲ. ಆದರೂ ಹೇಳುತ್ತೇನೆ: ಕಪ್ಪು ತನ್ನ ಬಸಿಯ ಸಮೇತ, ಯಾವ ಅವಸರವೂ ಇಲ್ಲದೆ, ಮೇಜಿನ ನಡುವಿನಿಂದ ಅಂಚಿನ ಕಡೆಗೆ ಪ್ರಯಾಣ ಹೊರಟಿತ್ತು. ಹಿಡಿಯಲು ಕೈ ಚಾಚಿದರೆ ಮೇಜು ನಡುಗುತ್ತಿತ್ತು. ಮೇಜಿಗೆ ತಗಲಿದ ಕೈಯೂ ನಡುಗಿತು. ಗೋಡೆಗೆ ಕಿವಿ ಹಚ್ಚಿದೆ. ಗೋಡೆಯಾಚೆ ಮನೆ ಮಾಲೀಕರ ಮಗ್ಗಗಳು, ಅವುಗಳಾಚೆ ಪಕ್ಕದ ಮನೆಯವರ ಮಗ್ಗಗಳು, ಹೀಗೆ ಬೀದಿಯ ಕೊನೆಯವರೆಗೂ ಕರೆಂಟಿನ ಮಗ್ಗಗಳು ಖಟಾಖಟ ಎಂದು ಸೀರೆ ನೇಯುತ್ತಿದ್ದವು. ಇಡೀ ಬೀದಿ ಒಂದು ನಿಲ್ಲದ ರೈಲಿನ ಹಾಗೆ ಓಡುತ್ತಿತ್ತು. ಯಾವ ಊರಿಗೂ ತಲುಪುತ್ತಿರಲಿಲ್ಲ, ಅಷ್ಟೆ.

ಇದನ್ನೆಲ್ಲ ಅರಗಿಸಿಕೊಳ್ಳುವ ಮೊದಲೇ ಮಹಡಿಯ ಮೇಲಿನಿಂದ ಒಂದು ಹೆಣ್ಣು ದನಿ ಎದ್ದಿತು. ಮಗ್ಗಗಳನ್ನು ಹಿಂದಿಕ್ಕಿ, ಕರೆಂಟಿನ ಕಂಬ ದಾಟಿ ಹೋಗುವಂಥ ದನಿ.

"ಯಾರನ್ನೋ ಕೊಲ್ಲಲಿಕ್ಕತ್ತಾರ," ಎಂದೆ ನನ್ನ ಹೆಂಡತಿ ಸುಮಂಗಲಾಳಿಗೆ.

ಆಕೆ ಬ್ಯಾಂಕಿಗೆ ಹೊರಡಲು ಸೀರೆಯ ನೆರಿಗೆ ಹಿಡಿಯುತ್ತಿದ್ದಳು. "ಸಾಯೋರು ಇಷ್ಟು ತಾಳ ಹಿಡದು ಒದರೂದಿಲ್ರಿ," ಎಂದಳು.

ನಾವು ಇಲ್ಲಿಗೆ ಬಂದ ಕಾರಣವನ್ನೂ ಹೇಳಿಬಿಡಬೇಕು. ಸುಮಂಗಲಾ ನನಗಿಂತ ಚಿಕ್ಕವಳು, ಇನ್ನೂ ನೌಕರಿಯಲ್ಲಿದ್ದಾಳೆ. ಬ್ಯಾಂಕಿನವರು ಬಡ್ತಿಯ ಜೊತೆಗೆ ದೊಡ್ಡಬಳ್ಳಾಪುರವನ್ನೂ ಕೊಟ್ಟರು. ವರ್ಗಾವಣೆಯ ಆದೇಶದಲ್ಲಿ ನನ್ನ ಹೆಸರಿರಲಿಲ್ಲ. ಸಾಮಾನಿನ ಲಾರಿಯಲ್ಲಿ ಬಂದ ತಿಜೋರಿ, ತಂಬೂರಿ, ನಿಘಂಟುಗಳ ಸಾಲಿನಲ್ಲಿ ನಾನೂ ಒಬ್ಬ. ಹಾಗಾಗಿ ಈ ಬೀದಿಯಲ್ಲಿ ನನಗೆ ಸಿಕ್ಕಿದ ಮೊದಲ ಬಿರುದು 'ಬ್ಯಾಂಕಮ್ಮನ ಯಜಮಾನ್ರು'. ಧಾರವಾಡದ ನಮ್ಮ ಬಡಾವಣೆ ಮಾಳಮಡ್ಡಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರಿದ್ದರು. ಇಲ್ಲಿ ಅಷ್ಟು ಆಳದ ಪರಿಚಯಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ.

ಮೊದಲ ವಾರ ಇಲ್ಲಿಯವರೆಲ್ಲ ಸದಾ ಜಗಳವಾಡುತ್ತಾರೆಂದು ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಮಗ್ಗದ ಸದ್ದಿನ ಮೇಲೆ ಮಾತಾಡಿ ಮಾತಾಡಿ ಇವರ ಗಂಟಲಿಗೆ ಕೆಳಗಿನ ಸ್ಥಾಯಿ ಎಂಬುದೇ ಉಳಿದಿಲ್ಲ. ಪಕ್ಕದ ಮನೆಯಾಕೆ ಒಂದು ಹಿಡಿ ಉಪ್ಪು ಕೇಳಿದರೂ ಯುದ್ಧ ಸಾರಿದಂತಿರುತ್ತದೆ. ನಮ್ಮಲ್ಲಿ ಗುರು ಎಂದರೆ ಶಾಲು ಹೊದ್ದು ತಂಬೂರಿಯ ಹಿಂದೆ ಕುಳಿತವರು. ಕಾಲು ಮುಟ್ಟದೆ ಎದುರು ಕೂಡುವಂತಿಲ್ಲ. ಇಲ್ಲಿ ಆಟೋದವನು, ಬಾಳೆಹಣ್ಣಿನವನು, ಜೆರಾಕ್ಸ್ ಅಂಗಡಿಯವನು ಎಲ್ಲರೂ ನನ್ನನ್ನು "ಏನ್ ಗುರು" ಎನ್ನುತ್ತಾರೆ. ಜೀವಮಾನವೆಲ್ಲ ಶಿಷ್ಯನಾಗಿಯೇ ಉಳಿದವನಿಗೆ ಇಷ್ಟು ಸುಲಭದ ಬಡ್ತಿ ಬ್ಯಾಂಕಿನಲ್ಲೂ ಸಿಗುವುದಿಲ್ಲ.

ಊಟದ ವಿಷಯ. ಮನೆ ಮಾಲೀಕರಾದ ನರಸಿಂಹಪ್ಪನವರು ಒಂದು ದಿನ ಮುದ್ದೆ ಊಟಕ್ಕೆ ಕರೆದರು. ಜೋಳದ ರೊಟ್ಟಿಯ ನಾಡಿನವನು ನಾನು. ಅಗಿಯುವುದನ್ನು ಒಂದು ನೈತಿಕ ಕರ್ತವ್ಯವೆಂದು ನಂಬಿದವನು. ಜೊತೆಗೆ ಉಪ್ಸಾರು, ಅಂದರೆ ಸೊಪ್ಪು ಕಾಳು ಬೇಯಿಸಿದ ನೀರಿಗೆ ಉಪ್ಪು ಖಾರ ಬೆರೆಸಿಕೊಳ್ಳುವ ತಿಳಿಸಾರು. ಬಾಯಿಗಿಟ್ಟ ಮುದ್ದೆಯ ತುತ್ತನ್ನು ನಾನು ಶ್ರದ್ಧೆಯಿಂದ ಅಗಿಯುತ್ತಿರುವುದನ್ನು ಕಂಡು ಆ ಮನೆಯವರೆಲ್ಲ ಊಟ ನಿಲ್ಲಿಸಿದರು.

"ಅಗೀಬೇಡಿ ಸಾರ್," ಎಂದರು ನರಸಿಂಹಪ್ಪ. "ನುಂಗ್ಬಿಡಿ. ಅದು ದಾರಿ ಗೊತ್ತಿರೋ ಐಟಂ."

ಈಗ ನುಂಗುತ್ತೇನೆ. ಸಣ್ಣ ಗೆಲುವುಗಳಲ್ಲಿ ಅದೂ ಒಂದು. ಆದರೆ ಮಧ್ಯಾಹ್ನಗಳನ್ನು ನುಂಗುವುದು ಕಷ್ಟವಾಗಿತ್ತು. ಶನಿವಾರ ಬಂತೆಂದರೆ ಧಾರವಾಡದಲ್ಲಿ ವಸಂತರಾಯರ ಮನೆಯಲ್ಲಿ ನಮ್ಮ ಗುಂಪು ಸೇರಿ ಹಳೆಯ ಖ್ಯಾಲುಗಳನ್ನು ಕೇಳುತ್ತಿತ್ತು. ಯಾರೂ ಕೆಮ್ಮುತ್ತಲೂ ಇರಲಿಲ್ಲ. ಇಲ್ಲಿ ಅದೇ ಸಂಗೀತವನ್ನು ಫೋನಿನಲ್ಲಿ ಹಚ್ಚಿದರೆ, ಗವಾಯಿ ಸಮಾಧಾನದಿಂದ ಷಡ್ಜ ಹುಡುಕುತ್ತಿರುವಾಗ ನರಸಿಂಹಪ್ಪನವರ ಮಗ್ಗಗಳು ಒಂದು ಸೀರೆಯ ಅರ್ಧ ಸೆರಗನ್ನೇ ಮುಗಿಸಿರುತ್ತಿದ್ದವು. ಅದರ ಮೇಲೆ ಮಹಡಿಯ ದನಿ ಬೇರೆ. ಕಡೆಗೊಂದು ದಿನ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೂರು ಸಲ್ಲಿಸಲೆಂದು ಮಹಡಿ ಹತ್ತಿದೆ.

ಬಾಗಿಲು ತೆರೆದವರು ನರಸಿಂಹಪ್ಪನವರ ಅಕ್ಕ ನಾಗರತ್ನಮ್ಮ. ಕತ್ತರಿಸಿದ ಬಿಳಿ ಕೂದಲು, ನೈಟಿ, ಹೆಗಲ ಮೇಲೊಂದು ಟವೆಲ್ಲು. ಆ ಟವೆಲ್ಲಿನ ಮೇಲೆ ಒಂದು ಕೆಂಪು ಎಲೆಕ್ಟ್ರಿಕ್ ಗಿಟಾರಿನ ಪಟ್ಟಿ.

"ಬನ್ನಿ ಸಾರ್. ಬ್ಯಾಂಕಮ್ಮನ ಯಜಮಾನ್ರಲ್ವಾ? ಸದ್ದು ಜಾಸ್ತಿ ಆಯ್ತಾ?"

ನನ್ನ ದೂರನ್ನು ಅವರೇ ಸಲ್ಲಿಸಿಬಿಟ್ಟರು. ಧಾರವಾಡದ ಮರ್ಯಾದೆ ಉಳಿಸಿಕೊಳ್ಳಲು, "ತಾವು ಈಗ ಹಾಡಿದ್ದು ಯಾವ ರಾಗ?" ಎಂದು ಕೇಳಿದೆ.

ಅವರು ಸ್ವಲ್ಪ ಯೋಚಿಸಿದರು. "ಸಿಟ್ಟು," ಎಂದರು.

ನಾಗರತ್ನಮ್ಮ ಹುಟ್ಟಿದ್ದು ಇದೇ ಮನೆಯಲ್ಲಿ. ಈಗ ಅವರಿರುವ ಕೋಣೆ ಆಗ ಅವರ ತಾಯಿ ನೂಲು ಸುತ್ತುತ್ತಿದ್ದ ಕೋಣೆ. ಕೆಳಗಿನ ಮಗ್ಗಗಳಿಗೆ ಕೇಳಿಸುವಂತೆ ಮೇಲಿನಿಂದ ಹಾಡುವುದು ಹುಡುಗಿಯ ಆಟವಾಗಿತ್ತಂತೆ. ಪ್ರಾಯದಲ್ಲಿ ಬೆಂಗಳೂರಿಗೆ ಹೋಗಿ, ರಾಕ್ ಸಂಗೀತದ ಗುಂಪುಗಳನ್ನು ಕಟ್ಟಿ, ಅವು ಮುರಿದಾಗ ಮತ್ತೆ ಕಟ್ಟಿ, ತಲೆ ಬೆಳ್ಳಗಾಗುವವರೆಗೆ ಹಾಡಿದರು. ಅಲ್ಲಿ ಅವರ ಹೆಸರು 'ನಾಗಿ'. ಈ ಬೀದಿಯಲ್ಲಿ ಮಾತ್ರ 'ಇಂಗ್ಲಿಷಲ್ಲಿ ಕಿರ್ಚೋ ನಾಗ್ರತ್ನ'. ತಮ್ಮನ ಮನೆಗೆ ಮರಳಿದ್ದು ನಾವು ಬರುವುದಕ್ಕೆ ಸ್ವಲ್ಪ ಮೊದಲಷ್ಟೆ. ಬೆಂಗಳೂರಿಗೆ ಇಲ್ಲಿಂದ ಬಸ್ಸಿನಲ್ಲಿ ಒಂದು ನಿದ್ದೆಯ ದೂರ. ಆದರೂ ನಮ್ಮಿಬ್ಬರಲ್ಲಿ ಹೆಚ್ಚು ದೂರದಿಂದ ಬಂದವರು ಅವರೇ ಎಂದು ನನಗೆ ಬೇಗ ಅರ್ಥವಾಯಿತು. ಕಾಯಿಪಲ್ಯ ತರಲು ಹೋದರೆ ಹಳೆಯ ಗೆಳತಿಯರು ಅವರನ್ನು 'ನೀವು' ಎನ್ನುತ್ತಿದ್ದರು.

ನಾನು ಕರಡು ತಿದ್ದುವವನೆಂದು ತಿಳಿದಾಗ ಅವರು ಒಂದು ಹಾಳೆಯನ್ನು ನನ್ನ ಮುಂದಿಟ್ಟರು. ಬೆಂಗಳೂರಿನ ಒಂದು ಕಂಪನಿ ಅವರ ಇಡೀ ಬದುಕಿನ ಹಾಡುಗಳಿಂದ ಆಯ್ದು ಒಂದು ಸಂಕಲನದ ಆಲ್ಬಂ ಹೊರತರುತ್ತಿತ್ತು. ಅದರ ಮುಖಪುಟವಿದು. ಕಪ್ಪು ಬಿಳುಪಿನ ಫೋಟೋ. ಕೆಳಗೆ 'ಒಂದು ಯುಗದ ದನಿ: ನಾಗಿ'. ಅದರ ಕೆಳಗೆ ಮೊದಲ ಹಾಡಿನ ಇಸವಿ, ಒಂದು ಅಡ್ಡಗೆರೆ, ಕೊನೆಯ ಹಾಡಿನ ಇಸವಿ.

"ಕಾಗುಣಿತ ಶುದ್ಧವಾಗಿದೆ," ಎಂದೆ.

"ಕಾಗುಣಿತ ಇರ್ಲಿ ಸಾರ್. ಇದನ್ ನೋಡಿದ್ರೆ ಏನನ್ಸ್ತದೆ?"

ಮತ್ತೆ ನೋಡಿದೆ. ವೃತ್ತಿಯ ಪ್ರಾಮಾಣಿಕತೆ ನನ್ನನ್ನು ಬಿಡಲಿಲ್ಲ. "ವೈಕುಂಠ ಸಮಾರಾಧನೆಯ ಪತ್ರಿಕೆ," ಎಂದೆ.

"ಹಾ! ನಾನೂ ಅದನ್ನೇ ಅಂದೆ. ಇನ್ನೂ ಉಸಿರಾಡ್ತಾ ಇದೀನಿ ಕಣ್ರಪ್ಪಾ, ಆ ಕೊನೇ ಇಸ್ವಿ ತೆಗೀರಿ ಅಂದ್ರೆ, ಹೊಸ ಹಾಡು ಯಾವ್ದೂ ಇಲ್ವಲ್ಲ ಮೇಡಂ ಅಂತಾರೆ."

ವ್ಯವಹಾರ ಸ್ಪಷ್ಟವಾಗಿತ್ತು. ಹೊಸ ಹಾಡೊಂದನ್ನು ಕೊಟ್ಟರೆ ಆ ಇಸವಿ ಹೋಗುತ್ತದೆ. ಕೊಡದಿದ್ದರೆ ಆಲ್ಬಂ ಹೀಗೆಯೇ ಅಚ್ಚಾಗುತ್ತದೆ. ಹಾಡು ಸಿದ್ಧವಿತ್ತು. ಕಂಪನಿಯ ಸ್ಟುಡಿಯೋದಲ್ಲಿ ಒಮ್ಮೆ ಪ್ರಯತ್ನಿಸಿಯೂ ಆಗಿತ್ತು. "ಆ ರೂಮಲ್ಲಿ ಗೋಡೆಗೆಲ್ಲ ಹಾಸ್ಗೆ ಹೊಡ್ದವ್ರೆ ಸಾರ್. ನನ್ ದನಿ ಹೋಗಿ ಅದ್ರಲ್ಲಿ ಮಲೀಕೊಂಡ್ಬಿಡ್ತು." ತಮ್ಮ ಕೋಣೆಯಲ್ಲೇ ಹಾಡುತ್ತೇನೆಂದು ಹಟ ಹಿಡಿದಿದ್ದರು. ಕಂಪನಿ ಒಂದು ದಿನದ ಮಟ್ಟಿಗೆ ಧ್ವನಿಮುದ್ರಣದವರನ್ನು ಕಳಿಸಲು ಒಪ್ಪಿತ್ತು.

ಆ ದಿನ ಬರುವವರೆಗಿನ ಮಧ್ಯಾಹ್ನಗಳಲ್ಲಿ ಅವರು ನನಗೆ ಸಂಕಲನದ ಹಾಡುಗಳನ್ನೆಲ್ಲ ಕೇಳಿಸಿದರು. ಇದನ್ನು ಓದುತ್ತಿರುವ ಧಾರವಾಡದ ಶನಿವಾರದ ಗೆಳೆಯರೇ, ನಿಮ್ಮ ಹುಬ್ಬುಗಳು ಈಗ ಎಲ್ಲಿಗೆ ಏರಿವೆ ಎಂಬುದು ನನಗೆ ಇಲ್ಲಿಂದಲೇ ಕಾಣುತ್ತಿದೆ. ನನ್ನವೂ ಅಲ್ಲಿಯೇ ಇದ್ದವು. ಮೊದಲ ಹಾಡುಗಳಲ್ಲಿ ಒಬ್ಬ ಹುಡುಗಿ ಡ್ರಮ್ಮು ಗಿಟಾರುಗಳನ್ನೆಲ್ಲ ಪಕ್ಕಕ್ಕೆ ತಳ್ಳಿ ಮುಂದೆ ಬರುತ್ತಾಳೆ. ಇಂಗ್ಲಿಷ್ ಮಾತುಗಳು ನನಗೆ ತಿಳಿಯಲಿಲ್ಲ, ತಳ್ಳಿದ್ದು ತಿಳಿಯಿತು. ನಡುವಿನವು ಕನ್ನಡದವು. ಅಲ್ಲಿ ಆಕೆಗೆ ಯಾರನ್ನೂ ತಳ್ಳುವ ಅಗತ್ಯವಿಲ್ಲ, ವಾದ್ಯಗಳೇ ದಾರಿ ಬಿಡುತ್ತವೆ. ಆಮೇಲೆ ಗಂಟಲಿನ ಕಾಯಿಲೆ ಬಂದು ದನಿ ಒಡೆಯಿತು. ನಮ್ಮಲ್ಲಾದರೆ ಅಂಥ ಗಾಯಕಿಗೆ ಶಾಲು ಹೊದಿಸಿ ಮನೆಗೆ ಕಳಿಸುತ್ತಿದ್ದೆವು. ನಾಗರತ್ನಮ್ಮ ಆ ಬಿರುಕನ್ನು ಬಚ್ಚಿಡಲಿಲ್ಲ. ಮೇಲಿನ ಸ್ವರಕ್ಕೆ ಹೋಗುವಾಗ ದನಿ ಎಲ್ಲಿ ಸೀಳುತ್ತದೋ ಸರಿಯಾಗಿ ಅಲ್ಲಿಯೇ ಹಾಡಿನ ಮುಖ್ಯ ಮಾತನ್ನು ಇಟ್ಟರು. ಕೇಳುತ್ತ ನನ್ನ ಬಾಯಿಂದ ಅಪ್ರಯತ್ನವಾಗಿ "ಕ್ಯಾ ಬಾತ್ ಹೈ" ಹೊರಟಿತು. ಅಂಥ ಮಾತನ್ನು ನಾನು ಸುಮ್ಮಸುಮ್ಮನೆ ಖರ್ಚು ಮಾಡುವವನಲ್ಲವೆಂದು ನೀವು ಬಲ್ಲಿರಿ.

ಉಳಿದ ಅಡ್ಡಿ ಒಂದೇ, ಬೀದಿಯ ಮಗ್ಗಗಳು. ನರಸಿಂಹಪ್ಪ ಮನೆ ಮನೆಗೆ ಹೊರಟಾಗ ನಾನೂ ಜೊತೆಗೆ ಹೋದೆ. ಮದುವೆಯ ಕಾಲ, ಸೀರೆಗಳಿಗೆ ಬೇಡಿಕೆಯ ಹೊತ್ತು. ಎದುರು ಮನೆಯ ಮುನಿಯಪ್ಪ ಕೈಯಲ್ಲಿ ಲಾಳಿ ಹಿಡಿದೇ ಹೊರಗೆ ಬಂದ.

"ನರಸಿಂಹಣ್ಣ, ಬೀದೀಲಿ ಯಾರಾನ ಸತ್ರೆ ಹೆಣ ಎತ್ತೋಗಂಟ ಮಗ್ಗ ನಿಲ್ಲಿಸ್ತೀವಿ. ಅದು ಅಪ್ಪನ ಕಾಲ್ದಿಂದ ಬಂದಿರೋದು. ಬದ್ಕಿರೋರಿಗೆ ನಿಲ್ಸಿದ್ದು ನಾ ಕಂಡಿಲ್ಲ."

"ಅಕ್ಕ ಸತ್ಮೇಲೆ ಹೆಂಗೂ ನಿಲ್ಲಿಸ್ತೀಯಲ್ಲೋ. ಅದನ್ನ ಈಗ್ಲೇ ನಿಲ್ಲಿಸ್ಬಿಡು. ಅವಾಗ ಓಡಿಸ್ಕೊ."

ಮುನಿಯಪ್ಪ ಈ ತರ್ಕವನ್ನು ಸ್ವಲ್ಪ ಹೊತ್ತು ತೂಗಿದ. "ಆಗ್ಲಿ. ಊಟದ ಹೊತ್ತುಗಂಟ. ಆಮೇಲೆ ಒಂದ್ ನಿಮಿಷ ಕಾಯಲ್ಲ."

ಅವನು ಒಪ್ಪಿದ ಮೇಲೆ ಬೀದಿ ಒಪ್ಪಿತು. ಯಾರೂ ಮರೆಯದಿರಲೆಂದು ಒಂದು ಸೂಚನೆ ಅಂಟಿಸುವುದು ಒಳ್ಳೆಯದೆಂದು ನಾನು ಸಲಹೆ ಕೊಟ್ಟೆ. ಕೊಟ್ಟ ಸಲಹೆಯನ್ನು ನಾನೇ ನೆರವೇರಿಸಬೇಕಾಯಿತು. ಬಹಳ ದಿನಗಳ ಮೇಲೆ ಕೈಗೆ ಬರವಣಿಗೆಯ ಕೆಲಸ. ಗಾಂಭೀರ್ಯ ಸ್ವಲ್ಪ ಹೆಚ್ಚಾಗಿಯೇ ಉಕ್ಕಿತು. 'ಶ್ರೀಮತಿ ನಾಗರತ್ನಮ್ಮನವರ ಗೌರವಾರ್ಥ ನಾಳೆ ಬೆಳಿಗ್ಗೆಯಿಂದ ಮಗ್ಗಗಳನ್ನು ಸ್ಥಗಿತಗೊಳಿಸಿ, ಸರ್ವರೂ ಮೌನ ಪಾಲಿಸಬೇಕಾಗಿ ವಿನಂತಿ.' ಜೆರಾಕ್ಸ್ ಅಂಗಡಿಯವನು ಓದಿ ತಲೆಯಾಡಿಸಿದ. "ಫೋಟೋ ಇಲ್ದೆ ಯಾರ್ ಓದ್ತಾರೆ ಗುರು?" ನನ್ನ ಬಳಿ ಇದ್ದ ಫೋಟೋ ಆಲ್ಬಮ್ಮಿನ ಮುಖಪುಟದ್ದೊಂದೇ. ಅವನು ಅದನ್ನು ಕತ್ತರಿಸಿ ಮೇಲೆ ಕೂರಿಸಿದ. ಅಂದವಾಗಿರಲೆಂದು ಸುತ್ತ ಒಂದು ಕಪ್ಪು ಚೌಕಟ್ಟು ಎಳೆದ. ಫೋಟೋದ ಜೊತೆಗೆ ಕೆಳಗಿನ ಹೆಸರೂ ಎರಡು ಇಸವಿಗಳೂ ಬಂದವು. ನಾನು ಕನ್ನಡಕ ಹಾಕಿಕೊಂಡು ಪೂರ್ತಿ ಪರಿಶೀಲಿಸಿದೆ. ಒಂದಕ್ಷರ ತಪ್ಪಿರಲಿಲ್ಲ.

ಮರುದಿನ ಬೀದಿ ನಿಂತಿತು. ನನ್ನ ಕಪ್ಪು ಮೇಜಿನ ನಡುವೆ ಅಲುಗದೆ ಕುಳಿತಿತ್ತು. ನಮ್ಮ ಗಡಿಯಾರಕ್ಕೂ ಸದ್ದಿದೆಯೆಂದು ಅಂದು ತಿಳಿಯಿತು. ಮೇಲಿನ ಕೋಣೆಯಲ್ಲಿ ಕಂಪನಿಯ ಹುಡುಗಿ ಶ್ವೇತಾ ಮೈಕು ನಿಲ್ಲಿಸಿ, ಕಿವಿಗೆ ಯಂತ್ರ ಹಾಕಿಕೊಂಡು ಕುಳಿತಳು. ನಾನು ಮೂಲೆಯಲ್ಲಿ ಚಕ್ಕಳಮಕ್ಕಳ ಹಾಕಿದೆ. ನಾಗರತ್ನಮ್ಮ ಹಾಡಿದರು. ಸ್ವರ ತಪ್ಪಲಿಲ್ಲ, ತಾಳ ತಪ್ಪಲಿಲ್ಲ. ಆದರೆ ಹಾಡಿನಲ್ಲಿ ಅವರಿರಲಿಲ್ಲ. ಮತ್ತೆ ಹಾಡಿದರು. ಇನ್ನಷ್ಟು ಸಭ್ಯವಾಯಿತು.

"ಇನ್ನೊಂದ್ ಟೇಕ್ ನೋಡೋಣ್ವಾ ಮೇಡಂ?" ಎಂದಳು ಶ್ವೇತಾ. ಅದೇ ಮಾತನ್ನು ಅವಳು ಹೇಳುತ್ತ ಹೋದ ಹಾಗೆ ಅವಳ ದನಿ ಮೆತ್ತಗಾಗುತ್ತಿತ್ತು. ಊಟದ ಹೊತ್ತು ಹತ್ತಿರವಾಗುತ್ತಿತ್ತು.

ನಾಗರತ್ನಮ್ಮ ನನ್ನತ್ತ ತಿರುಗಿದರು. "ಸಾರ್, ನೀವು ಹಂಗ್ ಕಣ್ ಮುಚ್ಕೊಂಡು ತಲೆ ಆಡಿಸ್ಬೇಡಿ. ನಾನ್ ಸತ್ತೋಗಿ, ನೀವು ಬಂದು ಕೂತಿರೋ ಹಂಗೈತೆ."

ಆಗಲೇ ಕೆಳಗಿನಿಂದ ಅಳು ಕೇಳಿಸಿದ್ದು.

"ಅಯ್ಯೋ ನಾಗೀ! ಹೋಗ್ಬಿಟ್ಯೇನೇ! ಒಂದ್ ಮಾತ್ ಹೇಳ್ದೆ ಹೋಗ್ಬಿಟ್ಯೇನೇ!"

ಕಿಟಕಿಯಿಂದ ಬಗ್ಗಿದೆವು. ಅಂಗಳದ ತುಂಬ ಜನ. ಪಕ್ಕದ ಬೀದಿಗಳವರು, ನೆಂಟರು, ಹಳೆಯ ಗೆಳತಿಯರು. ಕೈಯಲ್ಲಿ ಹಾರ, ಊದುಬತ್ತಿ. ನನ್ನ ಸೂಚನೆಯ ಚಿತ್ರವನ್ನು ಯಾರೋ ವಾಟ್ಸಾಪಿನಲ್ಲಿ ಹಾಕಿದ್ದರು. ನಂಬದವರು ಬೀದಿಯ ತಿರುವಿನಲ್ಲಿ ನಿಂತು ಕಿವಿಗೊಟ್ಟಿದ್ದರು. ಒಂದು ಮಗ್ಗವೂ ಓಡುತ್ತಿರಲಿಲ್ಲ. ಇನ್ನೇನು ಸಾಕ್ಷಿ ಬೇಕು? ನರಸಿಂಹಪ್ಪ ಬಾಗಿಲಲ್ಲಿ ಕೈ ಬೀಸುತ್ತ ವಿವರಿಸುತ್ತಿದ್ದರು. ದುಃಖಕ್ಕೆ ತಲೆ ಕೆಟ್ಟಿದೆಯೆಂದು ಜನ ಅವರನ್ನು ಹಿಡಿದು ಕೂರಿಸುತ್ತಿದ್ದರು. ಅಳುತ್ತಿದ್ದಾಕೆ ಗಂಗಮ್ಮ, ನಾಗರತ್ನಮ್ಮನ ಜೊತೆ ಇದೇ ಬೀದಿಯಲ್ಲಿ ಆಡಿ ಬೆಳೆದು ಇಲ್ಲೇ ಹತ್ತಿರದ ಮಧುರೆ ಎಂಬ ಹಳ್ಳಿಗೆ ಮದುವೆಯಾಗಿ ಹೋದವರು. ಬಸ್ಸು ಹಿಡಿದು ಬಂದಿದ್ದರು.

ನಾಗರತ್ನಮ್ಮ ಗಿಟಾರು ಹೆಗಲಿಗಿದ್ದ ಹಾಗೆಯೇ ಮೆಟ್ಟಿಲಿಳಿದು ಹೋಗಿ ಗಂಗಮ್ಮನ ಮುಂದೆ ನಿಂತರು. ಅಳು ನಡುವಿನಲ್ಲೇ ತುಂಡಾಯಿತು.

"ಲೇ ನಾಗೀ! ಬದ್ಕಿದ್ದೀಯೇನೇ?"

"ನೋಡ್ತಾ ಇದ್ದೀಯಲ್ಲ, ಇದೀನಿ ಕಣೇ."

"ಥೂ ನಿನ್ನ! ದಾರಿ ಉದ್ದಕ್ಕೂ ಅತ್ಕೊಂಡ್ ಬಂದಿದೀನಿ. ಕಂಡಕ್ಟ್ರು ಪಾಪ ಅಂತ ಸೀಟ್ ಕೊಡಿಸ್ದ." ಕಣ್ಣೊರೆಸಿಕೊಂಡು ಕೈಯಲ್ಲಿದ್ದ ಸುಗಂಧರಾಜದ ಹಾರವನ್ನು ನೋಡಿದರು. "ಈಗ ಇದನ್ನೇನ್ ಮಾಡ್ಲಿ?"

"ನನಗ್ ತಾನೇ ತಂದಿದ್ದು? ಹಾಕು."

ಗಂಗಮ್ಮ ಹಾರ ಹಾಕಿದರು. ಯಾರೋ ನಕ್ಕರು, ಆಮೇಲೆ ಅಂಗಳವೆಲ್ಲ ನಕ್ಕಿತು. ನನ್ನನ್ನು ತೋರಿಸಿ ಮುನಿಯಪ್ಪ ಏನೋ ಹೇಳಿದ. ಜನ ಇನ್ನೊಂದು ಸುತ್ತು ನಕ್ಕರು. ನಾಗರತ್ನಮ್ಮ ಮಾತ್ರ ನಗುವುದನ್ನು ನಿಲ್ಲಿಸಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡುತ್ತಿದ್ದರು. ಅವರು ಬೆಂಗಳೂರಿನಿಂದ ಮರಳಿ ಬಂದ ದಿನ ಇವರಲ್ಲಿ ಯಾರೂ ಮನೆಗೆ ಬಂದಿರಲಿಲ್ಲವಂತೆ.

"ಎಲ್ಲಾ ಬಂದಿದೀರಿ," ಎಂದರು. "ಹಂಗೇ ಹೋಗ್ಬೇಡಿ. ಮೇಲ್ ಬನ್ನಿ. ಬಾಯಿ ಮುಚ್ಕೊಂಡು ಕೂತ್ಕೊಳಿ."

ಕೋಣೆ, ಮೆಟ್ಟಿಲು, ತಾರಸಿ ಎಲ್ಲ ತುಂಬಿತು. ನಾಗರತ್ನಮ್ಮ ಹಾರ ತೆಗೆಯಲಿಲ್ಲ. ಗಂಗಮ್ಮನನ್ನು ಎದುರಿಗೇ ಕೂರಿಸಿಕೊಂಡರು. ಶುರು ಮಾಡಿ ಎಂಬಂತೆ ಶ್ವೇತಾಳ ಕೈ ಮೇಲೆದ್ದಿತು, ಇಳಿಯಿತು.

'ಇನ್ನೂ ಇದ್ದೀನಿ, ಬಾಗಿಲು ತಟ್ಟಿ ನೋಡು' ಎಂಬುದು ಆ ಹಾಡಿನ ಪಲ್ಲವಿ. ಬೆಳಿಗ್ಗೆಯಿಂದ ಅದನ್ನು ಕೇಳಿ ಕೇಳಿ ನನಗೆ ಬಾಯಿಪಾಠವಾಗಿತ್ತು. ಆದರೆ ಈಗ ಕೇಳಿದ್ದು ಬೇರೆ ಹಾಡು. ಈಗ ಆ ಮಾತಿಗೆ ವಿಳಾಸವಿತ್ತು. ಬಾಗಿಲು ತಟ್ಟದೆ ಇದ್ದವರೆಲ್ಲ ಎದುರಿಗೆ ಕುಳಿತಿದ್ದರು. ಹಾಡು ಅವರನ್ನು ಬೈಯುತ್ತಿತ್ತು, ಕರೆಯುತ್ತಿತ್ತು, ಮತ್ತೆ ಬೈಯುತ್ತಿತ್ತು. 'ಇದ್ದೀನಿ' ಎಂಬಲ್ಲಿ ದನಿ ಸೀಳಿತು. ಆ ಸೀಳಿನೊಳಗಿಂದ ಅದೇ ಮನೆಯಲ್ಲಿ ಹಿಂದೊಮ್ಮೆ ಕೆಳಗಿನ ಮಗ್ಗಗಳಿಗೆ ಕೇಳಿಸುವಂತೆ ಹಾಡುತ್ತಿದ್ದ ಹುಡುಗಿ ಹೊರಗೆ ಬಂದಳು. ಗಂಗಮ್ಮ ಮತ್ತೆ ಅಳತೊಡಗಿದರು, ಈ ಸಲ ಸದ್ದಿಲ್ಲದೆ.

ಕೊನೆಯ ಸ್ವರ ಇನ್ನೂ ಗಾಳಿಯಲ್ಲಿರುವಾಗ ಎದುರು ಮನೆಯಿಂದ ಖಟ್ ಎಂದಿತು. ಖಟಾ ಖಟ್. ಊಟದ ಹೊತ್ತಾಗಿತ್ತು. ಮುನಿಯಪ್ಪ ಮಾತಿಗೆ ತಪ್ಪುವವನಲ್ಲ. ಹಾಡು ಮುಗಿಯುವುದರೊಳಗೆ ಎದ್ದು ಹೋಗಿದ್ದ.

"ಅಯ್ಯೋ," ಎಂದಳು ಶ್ವೇತಾ. "ಕೊನೇಲಿ ನಾಯ್ಸ್ ಬಂತು. ಕಟ್ ಮಾಡ್ಬಿಡ್ತೀನಿ ಮೇಡಂ."

"ಮುಟ್ಟಬೇಡ," ಎಂದರು ನಾಗರತ್ನಮ್ಮ. "ಎಲ್ರೂ ಕೆಲ್ಸಕ್ಕೆ ಹೋದ್ರು ಅಂತ ಗೊತ್ತಾಗ್ಲಿ."

ಆಲ್ಬಂ ಹೊರಬಂತು. 'ಒಂದು ಯುಗ' ಹೋಗಿ 'ಬಾಗಿಲು ತಟ್ಟಿ' ಎಂಬ ಹೆಸರಾಗಿದೆ. ಮುಖಪುಟದಲ್ಲಿ ಹಾರ ಹಾಕಿಕೊಂಡು ನಗುತ್ತಿರುವ ಫೋಟೋ. ಕೆಳಗೆ ಮೊದಲ ಇಸವಿ, ಅಡ್ಡಗೆರೆ, ಮುಂದೆ ಏನೂ ಇಲ್ಲ. ಅಂಥ ಗೆರೆಯನ್ನು ಕಂಡರೆ ನನ್ನ ಕೈ ತಾನಾಗಿ ಕೆಂಪು ಪೆನ್ನು ಹುಡುಕುತ್ತಿತ್ತು. ಇದನ್ನು ಮಾತ್ರ ಹಾಗೆಯೇ ಬಿಟ್ಟೆ. ನನಗೂ ಹೊಸ ಬಿರುದು ಸಿಕ್ಕಿದೆ. ಬಾಳೆಹಣ್ಣಿನವನಿಗೆ ಮುನಿಯಪ್ಪ ನನ್ನ ಪರಿಚಯ ಹೇಳಿದ: "ನಾಗ್ರತ್ನಕ್ಕನ್ನ ಸಾಯಿಸಿದ್ರಲ್ಲ, ಅದೇ ಸಾರು." ಬ್ಯಾಂಕಮ್ಮನ ಯಜಮಾನನಿಗಿಂತ ಇದು ಮೇಲು ಎಂದು ಸುಮಂಗಲಾಳೂ ಒಪ್ಪಿದ್ದಾಳೆ.

ಮೊನ್ನೆ ಧಾರವಾಡಕ್ಕೆ ಬಂದಾಗ ವಸಂತರಾಯರ ಮನೆಯಲ್ಲಿ ನಿಮಗೆಲ್ಲ ಆ ಡಿಸ್ಕನ್ನು ಕೇಳಿಸಿದೆ. ನೀವು ಯಾರೂ ಕೆಮ್ಮಲಿಲ್ಲ. ಅದು ಗೌರವವೋ ಗಾಬರಿಯೋ ನನಗೆ ತಿಳಿಯದು. ಒಡೆದ ದನಿಯ ಹಾಡಿಗೆ ವಸಂತರಾಯರ ತಲೆ ಒಮ್ಮೆ ಅಲುಗಿದ್ದನ್ನು ಮಾತ್ರ ನಾನು ಕಣ್ಣಾರೆ ಕಂಡೆ, ಅವರು ಈಗ ಅಲ್ಲಗಳೆದರೂ ಸರಿ. ಕೊನೆಯ ಹಾಡು ಮುಗಿದು ಖಟಾಖಟ ಬಂದಾಗ ಅವರು ಕೇಳಿದರು, "ಇದೇನೋ ಕಡೀಕೆ? ಡಿಸ್ಕ್ ಕೆಟ್ಟದ ಏನು?"

"ಇಲ್ಲ," ಎಂದೆ. "ಅದು ನಮ್ಮ ಮನೀ ಸದ್ದು."

"ನಿಮ್ಮ ಮನಿ ಇಲ್ಲೇ ಮಾಳಮಡ್ಡಿಯೊಳಗ ಅದಲ್ಲೋ ಮಾರಾಯಾ."

ಅದೂ ಹೌದು. ಡಿಸ್ಕು ನಿಂತಿತು. ವಸಂತರಾಯರ ಮೇಜಿನ ಮೇಲೆ ನನ್ನ ಚಹಾದ ಕಪ್ಪು, ಇಟ್ಟ ಜಾಗದಲ್ಲಿ ಇಟ್ಟ ಹಾಗೆ, ಕೂತೇ ಇತ್ತು. ಸ್ವಲ್ಪ ಹೊತ್ತು ಕಾದೆ. ಆಮೇಲೆ ನೀವು ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಒಂದು ಬೆರಳಿನಿಂದ ಅದನ್ನು ಅಂಚಿನ ಕಡೆಗೆ ಮೆಲ್ಲಗೆ ದೂಡಿದೆ.